ಹೆಸರಿಗೆ ಹಾಕಿ

ಮೊಮ್ಮಗನಿಗೆ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಆಸ್ಪತ್ರೆಯಿಂದ ಹೊರಗೆ ಬರೋದಕ್ಕೆ ಮುಂಚೆಯೇ ಹೆಸರಿನ ಜಗಳ ಹೊರಗೆ ಬಂದಿತ್ತು.

ಶುರು ಮಾಡಿದವಳು ನನ್ನ ಸೊಸೆ, ಅಂದರೆ ಮಗುವಿನ ಅಪ್ಪನ ತಾಯಿ. ವಾರ್ಡಿನಲ್ಲಿ ಬೀಗರೆಲ್ಲ ನಿಂತಿದ್ದಾಗ ಸೆರಗು ಸರಿಮಾಡಿಕೊಂಡು ಹೇಳಿದಳು: "ನಮ್ಮತ್ತೆ ಹೆಸರೇ ಇಡ್ಬೇಕು. ಮನೇಗೆ ಹಿರೀಕರು. ಅವರು ಕಣ್ಮುಂದೆ ಇರೋವಾಗ್ಲೇ ಅವರ ಹೆಸರು ಇನ್ನೊಂದ್ಸಲ ಹುಟ್ಲಿ."

ಬೀಗಿತ್ತಿ ಕಣ್ಣೊರೆಸಿಕೊಂಡರು. ಪಕ್ಕದ ಮಂಚದ ಬಾಣಂತಿಯ ತಾಯಿ ಕೂಡ, "ಇಂಥ ಸೊಸೆ ಸಿಗಬೇಕಾದ್ರೆ ಪುಣ್ಯ ಮಾಡಿರ್ಬೇಕು" ಅಂದರು. ನಾನು ಎಲೆಅಡಿಕೆ ಅಗಿಯೋದು ನಿಲ್ಲಿಸಿದೆ. ಅವಳ ಮನಸ್ಸಿನಲ್ಲಿ ಏನಿದೆ ಅಂತ ನನಗೆ ಆಗಲೇ ಗೊತ್ತಾಗಿಹೋಯಿತು.

ನಮ್ಮ ಕಡೆ ಸೊಸೆಯಾದವಳು ಅತ್ತೆಯ ಹೆಸರು ಹೇಳೋ ಹಾಗಿಲ್ಲ. ಇವಳು ಮಂಡಿಕಲ್ ಕಡೆಯಿಂದ ನಮ್ಮ ಮನೆಗೆ ಬಂದವಳು. ಬಂದಾಗಿನಿಂದ ಒಂದು ದಿನವೂ ನನ್ನ ಹೆಸರು ಅವಳ ಬಾಯಿಂದ ಬಿದ್ದಿಲ್ಲ. ರೇಷನ್ ಅಂಗಡಿಯವನು "ನಿಮ್ಮತ್ತೆ ಹೆಸರೇನಮ್ಮ" ಅಂದರೆ ಸುಮ್ಮನೆ ನಿಲ್ಲುತ್ತಾಳೆ, ಹಿಂದೆ ನಿಂತವರು ಯಾರಾದರೂ ಹೇಳಬೇಕು. ನನ್ನದು ದೇವರ ಹೆಸರು. ಶುಕ್ರವಾರ ಪೂಜೆಯಲ್ಲಿ ಆ ಹೆಸರು ಬರೋ ಕಡೆ ಹಾಡು ಬಿಟ್ಟು ಹೂಂ ಹೂಂ ಅಂತ ರಾಗ ಎಳೆಯುತ್ತಾಳೆ. ದೇವರಿಗೇ ನಮ್ಮ ಮನೆಯಲ್ಲಿ ಪೂರ್ತಿ ಹೆಸರಿಲ್ಲ.

ಹಾಗಂತ ನನ್ನ ಮೇಲೆ ಸಿಟ್ಟಿಲ್ಲ ಅಂತಲ್ಲ. ನಾನೇನು ಬೆಣ್ಣೆಯಂಥ ಅತ್ತೆಯಲ್ಲ. ನನಗೆ ಬಯ್ಯಬೇಕಾದದ್ದನ್ನೆಲ್ಲ ಅವಳು ಇಷ್ಟು ವರ್ಷ ಹಸುವಿಗೆ, ಬೆಕ್ಕಿಗೆ, ಒಲೆಗೆ, ತಳ ಹತ್ತಿದ ಪಾತ್ರೆಗೆ ಬಯ್ದಿದ್ದಾಳೆ. ಈಗ ಮಗುವಿಗೆ ನನ್ನ ಹೆಸರಿಟ್ಟರೆ ಏನಾಗುತ್ತದೆ ನೋಡಿ. ಮಗು ಹೇತರೆ ಬಯ್ಯಬಹುದು, ಹಾಲು ಕಕ್ಕಿದರೆ ಬಯ್ಯಬಹುದು, ಬೆಳೆದು ಹಟ ಮಾಡಿದರೆ ಬೆನ್ನಿಗೆ ಒಂದು ಗುದ್ದಬಹುದು. ಎಲ್ಲ ನನ್ನ ಹೆಸರು ಹಿಡಿದು, ನನ್ನ ಎದುರಿಗೇ. ಕೇಳಿದರೆ, "ಅಯ್ಯೋ, ನಾನು ಮಗೂಗೆ ಅಂದಿದ್ದು ಅತ್ತೆ!"

ನಾನಾಗಿದ್ದರೂ ಇದನ್ನೇ ಮಾಡುತ್ತಿದ್ದೆ. ಅದಕ್ಕೇ ಅಷ್ಟು ಬೇಗ ಗೊತ್ತಾದದ್ದು.

ಇತ್ತ ಮಗುವಿನ ತಾಯಿ, ನನ್ನ ಮೊಮ್ಮಗನ ಹೆಂಡತಿ, ಮಂಚದ ಮೇಲಿಂದ ಸಣ್ಣ ದನಿಯಲ್ಲಿ, "ನಾನೊಂದು ಹೆಸರು ಇಟ್ಕೊಂಡಿದ್ದೆ..." ಅಂದಳು. ಯಾರೂ ಕೇಳಲಿಲ್ಲ. ಹೊತ್ತು ಹೆತ್ತವಳು ಅವಳು, ಪಾಪ, ಹೆಸರು ಮಾತ್ರ ಬೇರೆಯವರದು. ಮೊಮ್ಮಗ ಮೊಬೈಲ್ ನೋಡುತ್ತಾ ಗೋಡೆ ಕಡೆ ತಿರುಗಿಕೊಂಡ. ಅವನಿಂದ ಅದಕ್ಕಿಂತ ಹೆಚ್ಚೇನೂ ನಾನು ನಿರೀಕ್ಷಿಸಿರಲಿಲ್ಲ.

ಆಗ ಬಾಯಿ ಹಾಕಿದವರು ನನ್ನ ಅಳಿಯಂದಿರು.

ಕಿರಿಮಗಳ ಗಂಡ ಮಂಡ್ಯ ಕಡೆಯವರು. ಗೌರಿಬಿದನೂರಿನ ಒಂದು ಹೈಸ್ಕೂಲಿಗೆ ಪಿ.ಟಿ. ಮೇಷ್ಟ್ರಾಗಿ ಬಂದು ಅಲ್ಲೇ ಬೇರುಬಿಟ್ಟರು. ಬೇರೆ ಮೇಷ್ಟ್ರುಗಳಿಗೆ ಕ್ರಿಕೆಟ್ಟು, ಕಬಡ್ಡಿ. ಇವರಿಗೆ ಹಾಕಿ. ನಮ್ಮ ಮನೆಯಲ್ಲಿ ಹಾಕಿ ಅಂದರೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ, ತಟ್ಟೆಗೆ ಮುದ್ದೆ ಹಾಕಿ, ಅಷ್ಟೇ. ಮದುವೆಯಾದ ಹೊಸದರಲ್ಲಿ ಅವರು ಊಟಕ್ಕೆ ಕೂತು, "ಅತ್ತೆಮ್ಮ, ನಂಗೆ ಹಾಕಿ ಅಂದ್ರೆ ಪ್ರಾಣ" ಅಂದಾಗ ನಾನು ಇನ್ನೊಂದು ಮುದ್ದೆ ಹಾಕಿದ್ದೆ. ಪಾಪ, ತಿಂದರು.

"ಜಗಳ ಯಾಕೆ?" ಅಂದರು ಅಳಿಯಂದಿರು. "ಒಂದು ಆಟ ಆಡಣ. ಗೆದ್ದೋರು ಹೆಸರಿಡ್ಲಿ. ಬಾಣಂತನ ಮುಗಿಯೋ ಹೊತ್ಗೆ ಆಟಾನೂ ಮುಗೀತದೆ, ನಾಮಕರಣಕ್ಕೂ ಸರಿಹೋಯ್ತದೆ."

ಅದಕ್ಕೆ ಅವರು ಫ್ಯಾಂಟಸಿ ಲೀಗ್ ಅಂದರು. ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಎಲ್ಲೋ ದೂರದಲ್ಲಿ ಮೀಸೆ ಸರಿಯಾಗಿ ಬಾರದ ಹುಡುಗರು ನಿಜವಾಗಿ ಹಾಕಿ ಆಡುತ್ತಾರೆ. ನಾವು ಇಲ್ಲಿ ಕೂತು ಅವರಲ್ಲಿ ಒಬ್ಬೊಬ್ಬರು ಐದೈದು ಹುಡುಗರನ್ನು ನಮ್ಮವರು ಅಂತ ಆರಿಸಿಕೊಳ್ಳೋದು. ಆ ಹುಡುಗ ಗೋಲು ಹೊಡೆದರೆ ನಮಗೆ ಅಂಕ. ಗೋಲಿಗೆ ದಾರಿ ಮಾಡಿಕೊಟ್ಟರೂ ಅಂಕ. ತಪ್ಪು ಮಾಡಿ ಹೊರಗೆ ಹೋದರೆ ನಮ್ಮ ಅಂಕಕ್ಕೆ ಕತ್ತರಿ. ಆ ಹುಡುಗರಿಗೆ ನಾವು ಯಾರು ಅಂತಲೇ ಗೊತ್ತಿರೋದಿಲ್ಲ. ಒಬ್ಬರು ಆರಿಸಿಕೊಂಡವನನ್ನು ಇನ್ನೊಬ್ಬರು ಮುಟ್ಟಂಗಿಲ್ಲ, ಒಪ್ಪಿದರೆ ಅದಲುಬದಲು ಮಾಡಿಕೊಳ್ಳಬಹುದು.

"ಹೆಸರಾದ ದೊಡ್ಡ ಆಟಗಾರನ್ನ ಯಾರು ಬೇಕಾದ್ರೂ ಆರಿಸ್ತಾರೆ ಅತ್ತೆಮ್ಮ," ಅಂದರು. "ಎಳೇ ಹುಡುಗರನ್ನ ನೋಡಿ ಇವನು ಮುಂದೆ ಬತ್ತಾನೆ ಅನ್ನೋದೇ ಜಾಣತನ."

ಬಾಣಂತಿ ಒಪ್ಪಿದಳು. ಅವಳಿಗೆ ಬೇರೆ ದಾರಿ ಇರಲಿಲ್ಲ. ಸೊಸೆ ಒಪ್ಪಿದಳು. ನಾನು ಒಪ್ಪಿದೆ, ನನ್ನ ಹೆಸರನ್ನು ಅವಳ ಬಾಯಿಂದ ಉಳಿಸಿಕೊಳ್ಳಬೇಕಿತ್ತು. ಆದರೆ ಅದನ್ನು ಯಾರಿಗೂ ಹೇಳಲಿಲ್ಲ. ನನ್ನ ಹೆಸರಿಗಾಗಿಯೇ ಆಡುತ್ತಿದ್ದೀನಿ ಅಂತ ಎಲ್ಲರೂ ತಿಳಿದುಕೊಂಡರು. ತಿಳಿದುಕೊಳ್ಳಲಿ ಅಂತ ಬಿಟ್ಟೆ. ಬೀಗಿತ್ತಿ ನನ್ನನ್ನು ಒಲಿಸಿಕೊಳ್ಳೋದಕ್ಕೆ ಕಳಿಸಿದ ಅಂಟಿನುಂಡೆ ಚೆನ್ನಾಗಿತ್ತು.

ಹುಡುಗರನ್ನು ಆರಿಸೋ ದಿನ ಒಂದು ಭಾನುವಾರ ಬೆಳಿಗ್ಗೆ. ದಿಬ್ಬೂರಹಳ್ಳಿ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ನಾನು, ಸೊಸೆ. ಅವಳ ಫೋನನ್ನು ಚೊಂಬಿಗೆ ಒರಗಿಸಿದ್ದೆವು. ಫೋನಿನ ಒಂದು ಚೌಕದಲ್ಲಿ ಚಿಕ್ಕಬಳ್ಳಾಪುರದ ತವರುಮನೆಯಿಂದ ಬಾಣಂತಿ, ತಲೆಗೆ ಬಟ್ಟೆ ಬಿಗಿದು, ಸಾಂಬ್ರಾಣಿ ಹೊಗೆ ನಡುವೆ. ಇನ್ನೊಂದು ಚೌಕದಲ್ಲಿ ಗೌರಿಬಿದನೂರಿನಿಂದ ಅಳಿಯಂದಿರು, ಕುತ್ತಿಗೆಗೆ ಸೀಟಿ ನೇತು ಹಾಕಿಕೊಂಡು.

"ನಾನು ಒಬ್ಬೊಬ್ಬ ಹುಡುಗನ್ನೇ ಹೇಳ್ತೀನಿ. ಬೇಕು ಅಂದ್ರೆ 'ಚಾಲು' ಅನ್ನಿ. ಬೇಡ ಅಂದ್ರೆ 'ಮುಂದೆ' ಅನ್ನಿ. ಒಂದ್ಸಲ ಚಾಲು ಅಂದ್ಮೇಲೆ ಮುಗೀತು, ಅಳಿಸಂಗಿಲ್ಲ" ಅಂದರು.

ಮೊದಲ ಸರದಿ ನನಗೆ ಬಂತು.

"ಇವನು ಜಾರ್ಖಂಡದೋನು ಅತ್ತೆಮ್ಮ. ಮುಂದೆ ನಿಂತು ಆಡೋನು. ಜಿಂಕೆ ಓಡ್ದಂಗೆ ಓಡ್ತಾನೆ."

"ಊಟ ಹೆಂಗ್ ಮಾಡ್ತಾನೆ?"

"ಊಟ ಕಟ್ಕೊಂಡು ನಮಗೇನಾಗ್ಬೇಕು?"

"ಕಾಲು ನೋಡಿ, ಹಂಚಿಕಡ್ಡಿ. ಒಂದೇಟು ಬಿದ್ರೆ ಮುರ್ಕೊಂಡು ಬೀಳ್ತಾನೆ. ಮುಂದೆ."

ನಾನು ಆರಿಸಿದವನು ಹಿಂದೆ ನಿಂತು ಗೋಲು ಕಾಯೋ ಗುಂಪಿನ ಪಂಜಾಬಿ. ಎಮ್ಮೆಕರು ಇದ್ದ ಹಾಗಿದ್ದ. ಮುಖದಲ್ಲಿ ಒಳ್ಳೆಯ ಮನೆತನದ ಕಳೆ ಇತ್ತು. ಮದುವೆಗೆ ಹುಡುಗನನ್ನು ನೋಡೋ ಹಾಗೆ ನೋಡಿದೆ, ಇನ್ನು ಹೇಗೆ ನೋಡೋದು? ಆ ಹಂಚಿಕಡ್ಡಿ ಕಾಲಿನವನನ್ನು ಬಾಣಂತಿ ತೆಗೆದುಕೊಂಡಳು. ಅವನು ಮೊದಲ ಪಂದ್ಯದಲ್ಲೇ ಗೋಲು ಹೊಡೆದ ಅನ್ನೋದನ್ನು ಇಲ್ಲೇ ಹೇಳಿಬಿಡುತ್ತೀನಿ.

ಸೊಸೆಯ ಸರದಿ ಬಂದಾಗ ಅವಳು ತಲೆ ತಗ್ಗಿಸಿಕೊಂಡು ಅವರೆಕಾಳು ಸುಲಿಯುತ್ತಾ, "ನಂಗೇನು ಗೊತ್ತಾಗ್ತದಪ್ಪ ಇದೆಲ್ಲ. ಆ ಹರಿಯಾಣದೋನು ಇದ್ದಾನಲ್ಲ, ಪೆನಾಲ್ಟಿ ಕಾರ್ನರಿನಲ್ಲಿ ಎಳೆದು ಹೊಡೀತಾನಲ್ಲ, ಅವನೇ ಇರ್ಲಿ. ಚಾಲು" ಅಂದಳು.

ಅಳಿಯಂದಿರು ಸೀಟಿ ಕೈಬಿಟ್ಟರು. ನಾನು ಅವಳ ಮುಖ ನೋಡಿದೆ. ಅವಳು ಕಾಳು ಸುಲಿಯುತ್ತಲೇ ಇದ್ದಳು. ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಾ ಒಬ್ಬಳೇ ಅಷ್ಟು ಹೊತ್ತು ಫೋನಿನಲ್ಲಿ ಏನು ನೋಡುತ್ತಿದ್ದಳು ಅಂತ ನನಗೆ ಆಗ ತಿಳಿಯಿತು.

ನನ್ನ ಸರದಿ ಸುತ್ತಿ ಸುತ್ತಿ ಬಂತು. ಒಡಿಶಾದ ಒಬ್ಬ ಕುಳ್ಳ ಸಿಕ್ಕಿದ, ಅವನೊಬ್ಬನೇ ನನಗೆ ಬಂದ ಒಳ್ಳೆಯ ಮಾಲು. ಇನ್ನೂ ಇಬ್ಬರು ಸಿಕ್ಕಿದರು, ಅವರ ವಿಷಯ ಹೇಳೋ ಅಷ್ಟಿಲ್ಲ. ಕೊನೆಯವನನ್ನು ಆರಿಸೋ ಹೊತ್ತಿಗೆ ಬಿಸಿಲು ಜಗಲಿಗೆ ಏರಿತ್ತು, ನನ್ನ ಸೊಂಟ ಹಿಡಿದುಕೊಂಡಿತ್ತು. ಅಳಿಯಂದಿರು ಒಬ್ಬ ಗೋಲ್‌ಕೀಪರ್ ಹುಡುಗನ ವಿಷಯ ಶುರು ಮಾಡಿದರು. ಅವನ ಊರು, ಅವನ ಎತ್ತರ, ಅವನ ತಮ್ಮ, ಅವನ ಮೊಣಕಾಲಿನ ಕವಚ. ಮುಗಿಯೋ ಲಕ್ಷಣವೇ ಇಲ್ಲ.

ನಾನು ಹುಟ್ಟಿದ್ದು ಚಿಂತಾಮಣಿ ಆಚೆ, ಆಂಧ್ರದ ಗಡಿಗೆ ಹತ್ತಿರ. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ. ಈಗಲೂ ಬೇಸರವಾದರೆ ಬಾಯಿಗೆ ಮೊದಲು ಬರೋದು ತೆಲುಗೇ.

"ಚಾಲು ನಾಯನಾ, ಚಾಲು!" ಅಂದೆ.

ತೆಲುಗಿನಲ್ಲಿ ಚಾಲು ಅಂದರೆ ಸಾಕು. ಸಾಕು ನಿಲ್ಲಿಸಪ್ಪ ಅಂತ ನಾನು ಹೇಳಿದ್ದು. ಮಂಡ್ಯದವರಿಗೆ ಅದು ಹೇಗೆ ತಿಳಿಯಬೇಕು? "ಎರಡೆರಡು ಸಲ ಅಂದ್ಬಿಟ್ರಲ್ಲ ಅತ್ತೆಮ್ಮ, ಅಷ್ಟು ಇಷ್ಟವಾದ್ನಾ!" ಅಂತ ಹಿಗ್ಗಿ ಅವನನ್ನು ನನ್ನ ಲೆಕ್ಕಕ್ಕೆ ಸೇರಿಸಿಯೇಬಿಟ್ಟರು.

"ಅಯ್ಯೋ, ಬೇಡ ಕಣ್ರೀ, ನಾನು ಸಾಕು ಅಂದಿದ್ದು!"

"ಅಳಿಸಂಗಿಲ್ಲ ಅತ್ತೆಮ್ಮ. ನಿಯಮ."

ಸೊಸೆಗೆ ತೆಲುಗು ನನ್ನಷ್ಟೇ ಬರುತ್ತದೆ. ಅವಳು ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಕೂತಿದ್ದಳು. ಭುಜ ಕುಣಿಯುತ್ತಿತ್ತು. "ನೀನಾದ್ರೂ ಹೇಳ್ಬಾರ್ದೇನೇ?" ಅಂದೆ. "ನೀವು ಹಿರೀಕರು ಮಾತಾಡೋವಾಗ ನಾನು ಬಾಯಿ ಹಾಕ್ತೀನಾ ಅತ್ತೆ?" ಅಂದಳು.

ಆ ಹುಡುಗ ಮೀಸಲು ಗೋಲ್‌ಕೀಪರ್ ಅಂತ ಆಮೇಲೆ ತಿಳಿಯಿತು. ಮುಖ್ಯ ಗೋಲ್‌ಕೀಪರ್‌ಗೆ ಏನಾದರೂ ಆದರೆ ಮಾತ್ರ ಇವನು ಒಳಗೆ. ಅಲ್ಲಿಯವರೆಗೆ ಬೆಂಚು. ನಾನು ಪಂದ್ಯದ ದಿನವೆಲ್ಲ ಅಳಿಯಂದಿರಿಗೆ ಫೋನ್ ಮಾಡಿಸಿ, "ಆ ಮುಖ್ಯ ಗೋಲ್‌ಕೀಪರ್ ಆರೋಗ್ಯವಾಗಿದ್ದಾನಾ?" ಅಂತ ವಿಚಾರಿಸುತ್ತಿದ್ದೆ. "ಗುಂಡುಕಲ್ಲು ಇದ್ದಂಗವ್ನೆ ಅತ್ತೆಮ್ಮ" ಅನ್ನೋರು. ಒಂದು ಸಣ್ಣ ನೆಗಡಿ ಬರಲಿ ಅಂತ ದೇವರಿಗೆ ಬೇಡಿಕೊಂಡೆ. ಹೆಚ್ಚೇನಲ್ಲ, ನೆಗಡಿ, ಒಂದಿಷ್ಟು ಜ್ವರ. ದೇವರು ಕೊಡಲಿಲ್ಲ.

ಪಂದ್ಯಗಳು ಶನಿವಾರ, ಭಾನುವಾರ ನಡೆಯುತ್ತಿದ್ದವು. ಆಟ ಶುರುವಾಗೋ ಮೊದಲು, ಐವರಲ್ಲಿ ಇವತ್ತು ಯಾವ ಮೂವರು ಲೆಕ್ಕಕ್ಕೆ ಅಂತ ಅಳಿಯಂದಿರು ಫೋನಿನಲ್ಲಿ ಮಾಡಿದ ಗ್ರೂಪಿನಲ್ಲಿ ಹೇಳಬೇಕು. ಹೇಳದಿದ್ದರೆ ಅವತ್ತಿಗೆ ಸೊನ್ನೆ. ನಾನು ಬಾಯಲ್ಲಿ ಹೇಳಿ ಕಳಿಸುತ್ತಿದ್ದೆ, ಮೈಕಿನ ಗುರುತು ಒತ್ತಿ ಹಿಡಿದುಕೊಳ್ಳೋದನ್ನು ಮೊಮ್ಮಗ ಕಲಿಸಿಕೊಟ್ಟಿದ್ದ.

ಒಂದು ದಿನ ನನ್ನ ಎಮ್ಮೆಕರುವಿಗೆ ಹಸಿರು ಕಾರ್ಡ್ ಕೊಟ್ಟರು. ಟಿವಿಯಲ್ಲಿ ಅಂಪೈರು ಕೈಯೆತ್ತಿ ಹಸಿರು ಕಾರ್ಡ್ ತೋರಿಸಿದ್ದು ನಾನೇ ಕಣ್ಣಾರೆ ನೋಡಿದೆ. ನನಗೆ ಖುಷಿಯಾಯಿತು. ಹಿಂದೆ ನಮ್ಮ ಊರಲ್ಲಿ ಬಡವರಿಗೆ ಅಕ್ಕಿ, ಸೀಮೆಎಣ್ಣೆ ಸಿಗಲಿ ಅಂತ ಹಸಿರು ಕಾರ್ಡ್ ಕೊಡುತ್ತಿದ್ದರಲ್ಲ. "ಪಾಪ, ನೋಡಿದ್ರೆ ಅನುಕೂಲಸ್ಥರ ಮಗ ಅನ್ಕೊಂಡಿದ್ದೆ. ಇರ್ಲಿ, ಸರ್ಕಾರ ಗುರುತಿಸ್ತಲ್ಲ" ಅಂತ ಗ್ರೂಪಿನಲ್ಲಿ ಹೇಳಿ ಕಳಿಸಿದೆ. ಅದನ್ನು ಕೇಳಿ ಬಾಣಂತಿ ನಕ್ಕು ನಕ್ಕು ಹೆರಿಗೆಯ ಹೊಲಿಗೆ ಎಳೆದುಕೊಂಡಳಂತೆ. ಬೀಗಿತ್ತಿ ಫೋನ್ ಮಾಡಿ ನನಗೆ ಬಯ್ದರು. ಆಟದಲ್ಲಿ ಹಸಿರು ಕಾರ್ಡ್ ಅಂದರೆ ತಪ್ಪು ಮಾಡಿದವನು ಸ್ವಲ್ಪ ಹೊತ್ತು ಹೊರಗೆ ಕೂರಬೇಕಂತೆ. ನನ್ನವನು ಅಂಥವನ್ನು ಸುಮಾರು ಸಂಪಾದಿಸಿದ. ನನ್ನ ಅಂಕ ನೆಲಕ್ಕಿಂತ ಕೆಳಗೆ ಹೋಯಿತು. ಬೆಂಚಿನ ಮೇಲೆ ಕೂತ ಗೋಲ್‌ಕೀಪರ್ ಹುಡುಗನೇ ವಾಸಿ ಅನ್ನಿಸಿತು. ಅವನು ಕೊಡಲೂ ಇಲ್ಲ, ಕಳೆಯಲೂ ಇಲ್ಲ. ಒಳ್ಳೆಯ ಅಳಿಯನ ಹಾಗೆ.

ಸೊಸೆ ಮಾತ್ರ ಏರುತ್ತಾ ಹೋದಳು. ಅವಳ ಹರಿಯಾಣದ ಹುಡುಗ ಹೊಡೆದದ್ದೆಲ್ಲ ಗೋಲು. ಹಾಗೆ ಬಿಡೋದು ಹೇಗೆ? ಪಂದ್ಯ ಶುರುವಾಗೋ ಹೊತ್ತು ನೋಡಿಕೊಂಡು ನಾನು ಹುಳದ ಮನೆ ಕಡೆ ಕೂಗುತ್ತಿದ್ದೆ. "ಲೇ, ಹುಳ ಪೊರೆ ಕಳಚಿ ಜ್ವರ ಬಿಟ್ಟಂಗಿದೆ, ಸೊಪ್ಪು ಹಾಕ್ದ್ಯಾ?" ಅಥವಾ, "ಯಾಕೋ ಆ ಕೊನೇ ತಟ್ಟೆ ಹುಳ ಬಾಡಿದಂಗೆ ಕಾಣ್ತದೆ ನೋಡೇ." ಹುಳದ ವಿಷಯದಲ್ಲಿ ಅವಳು ತಡೆಯೋಳಲ್ಲ, ಓಡೋಳು. ಒಂದು ಶನಿವಾರ ಅದು ಫಲಿಸಿತು, ಅವಳಿಗೆ ಸೊನ್ನೆ ಬಂತು. ಮಾರನೇ ಶನಿವಾರ ಅವಳು ಬೆಳಿಗ್ಗೆಯೇ ಹೆಸರು ಕಳಿಸಿಬಿಟ್ಟು, ನಾನು ಕೂಗೋ ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತು, "ಹುಳ ಚೆನ್ನಾಗಿವೆ ಅತ್ತೆ. ನೀವು ಹೆಂಗಿದ್ದೀರಾ?" ಅಂದಳು.

ಆ ವಾರದಲ್ಲೇ ಚಿಕ್ಕಬಳ್ಳಾಪುರದಿಂದ ಬಾಣಂತಿಯ ಫೋನ್ ಬಂತು. ಸೊಸೆ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಹಾಕಿ ಬರೋದಕ್ಕೆ ಹೋಗಿದ್ದಳು, ನಾನು ಮೊಮ್ಮಗನ ಫೋನಿನಲ್ಲಿ ಮಾತಾಡಿದೆ.

"ಅಜ್ಜಿ, ಬೇಜಾರ್ ಮಾಡ್ಕೋಬೇಡಿ," ಅಂದಳು. ದನಿಯಲ್ಲಿ ಅಳು ತುಂಬಿತ್ತು. "ನಿಮ್ಮ ಹೆಸರು ಚೆನ್ನಾಗಿಲ್ಲ ಅಂತಲ್ಲ. ಬಸುರಿಯಾಗಿದ್ದಾಗ್ಲೇ ನಾನು ಒಂದು ಹೆಸರು ಇಟ್ಕೊಂಡ್ಬಿಟ್ಟಿದ್ದೀನಿ. ಯಾರೂ ಇಲ್ದಿದ್ದಾಗ ಆ ಹೆಸರಲ್ಲೇ ಕರೀತೀನಿ ಅಜ್ಜಿ. ತಿರುಗಿ ನೋಡ್ತಾಳೆ."

"ಎಳೆಮಕ್ಕಳು ಬೆಕ್ಕು ಕೂಗಿದ್ರೂ ತಿರುಗಿ ನೋಡ್ತವೆ" ಅಂದೆ. ಆಮೇಲೆ ಹೇಳಿದೆ: "ನಿನಗ್ಯಾರು ಹೇಳಿದ್ರು ನನ್ನ ಹೆಸರು ಚೆನ್ನಾಗಿದೆ ಅಂತ? ನಂಗೂ ಬೇಡ ಕಣಮ್ಮ ಅದು. ನಿಮ್ಮತ್ತೆಗೆ ಬೇಕು." ಯಾಕೆ ಬೇಕು ಅನ್ನೋದನ್ನೂ ಬಿಡಿಸಿ ಹೇಳಿದೆ.

ಆ ಕಡೆ ಬಾಗಿಲು ಹಾಕಿಕೊಂಡ ಸದ್ದಾಯಿತು. ಆಮೇಲೆ, "ಅಜ್ಜಿ! ನಮ್ಮತ್ತೇನಾ! ಅಷ್ಟು ಸಾಧು ಥರ ಇರ್ತಾರೆ!"

"ನನ್ನ ಕೈಕೆಳಗೆ ಬೆಳೆದೋಳು ಕಣೇ. ಸಾಧು ಎಲ್ಲಿಂದ ಬಂದಾಳು? ಈಗ ನೀನು ಅಳೋದು ಬಿಟ್ಟು ಹೇಳು. ನಿನ್ನ ಹತ್ರ ಕಾಲು ಮುರ್ಕೊಂಡೋನು ಯಾರಾದ್ರೂ ಇದ್ದಾನಾ?"

ಇದ್ದ. ಕೊಡಗಿನ ಹುಡುಗ, ಮಂಡಿಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಹೋಗಿದ್ದ. ಅವನನ್ನು ನನಗೆ ಕೊಟ್ಟು, ನನ್ನ ಒಡಿಶಾದ ಕುಳ್ಳನನ್ನು ನೀನು ತಗೋ ಅಂದೆ. ನನ್ನ ಸೋಲು ಹೇಗೂ ನಿಶ್ಚಯವಾಗಿತ್ತು. ಇವಳಾದರೂ ಸೊಸೆಯನ್ನು ಹಿಂದೆ ಹಾಕಲಿ ಅಂತ.

ಅದಲುಬದಲಾದದ್ದನ್ನು ಗುಟ್ಟಾಗಿ ಇಟ್ಟುಕೊಳ್ಳೋ ಹಾಗಿರಲಿಲ್ಲ, ಅಳಿಯಂದಿರು ಗ್ರೂಪಿನಲ್ಲಿ ಹಾಕಿಬಿಟ್ಟರು. ಮಧ್ಯಾಹ್ನ ನಾನು ಜಗಲಿಯಲ್ಲಿ ಕಣ್ಣುಮುಚ್ಚಿ ಮಲಗಿದ್ದೆ. ಸೊಸೆ ಬಂದು ತಲೆದೆಸೆಯಲ್ಲಿ ನಿಂತು ಅದನ್ನು ಓದಿದಳು, ಶಾಲೆ ಮಕ್ಕಳು ಪಾಠ ಓದೋ ಹಾಗೆ ಜೋರಾಗಿ. ನಾನು ಗೊರಕೆ ಹೊಡೆದೆ. ಅವಳು ಇನ್ನೊಂದು ಸಲ ಓದಿದಳು.

"ನಿದ್ದೆ ಬಂದೋರಿಗೆ ಕಣ್ಣುರೆಪ್ಪೆ ಹೊಡ್ಕೊಳ್ಳಲ್ಲ ಅತ್ತೆ" ಅಂದಳು. ಅಷ್ಟು ಹೇಳಿ ಹುಳದ ಮನೆಗೆ ಹೋದಳು.

ಮುಂದಿನ ಪಂದ್ಯಗಳಲ್ಲಿ ಕುಳ್ಳ ಬಾಣಂತಿಗೆ ಚೆನ್ನಾಗಿ ದುಡಿದುಕೊಟ್ಟ. ಕೊನೆಯ ಪಂದ್ಯ ಒಂದೇ ಉಳಿದಾಗ ಸೊಸೆ ಕೂದಲೆಳೆಯಷ್ಟು ಮುಂದೆ, ಬಾಣಂತಿ ಅವಳ ಬೆನ್ನಿಗೆ. ನಾನು ಪಾತಾಳದಲ್ಲಿ. ಸೊಸೆಯ ಹರಿಯಾಣದವನು ಅವತ್ತು ಒಂದು ಗೋಲು ಹೊಡೆದರೂ ಮುಗಿಯಿತು, ಮಗುವಿಗೆ ನನ್ನ ಹೆಸರು.

ಕೊನೆಯ ಪಂದ್ಯದ ದಿನ ಹುಳ ಮೇವು ಬಿಟ್ಟು ಹಣ್ಣಾಗಿದ್ದವು. ಹಣ್ಣಾದ ಹುಳ ಆರಿಸಿ ಗೂಡು ಕಟ್ಟೋದಕ್ಕೆ ಬಿದಿರುತಟ್ಟಿಯ ಚಂದ್ರಿಕೆಗೆ ಬಿಡುತ್ತಾ ಇಬ್ಬರೂ ಎದುರುಬದುರು ಕೂತಿದ್ದೆವು. ಪಂದ್ಯಕ್ಕೆ ಇನ್ನೂ ಹೊತ್ತಿತ್ತು. ಅವಳು ಎಂದೂ ಇಲ್ಲದ ಖುಷಿಯಲ್ಲಿ ಇದ್ದಳು. ನನಗೆ ತಡೆಯಲಿಲ್ಲ.

"ಏನೇ, ನನ್ನ ಹೆಸರು ಹಿಡಿದು ಬಯ್ಯೋದಕ್ಕೆ ಅಷ್ಟು ಆಸೆನಾ?"

ಅವಳ ಕೈ ನಿಂತಿತು. ಇಲ್ಲ ಅನ್ನುತ್ತಾಳೆ ಅಂದುಕೊಂಡೆ. ಅನ್ನಲಿಲ್ಲ.

"ಬಯ್ಯೋದಕ್ಕೇ ಅಂತಲ್ಲ ಅತ್ತೆ" ಅಂದಳು. ಕೈಯಲ್ಲಿದ್ದ ಹುಳವನ್ನು ನೋಡುತ್ತಾ, "ಬಯ್ಯೋದೂ ಇದೆ. ಸುಳ್ಳು ಯಾಕೆ ಹೇಳ್ಲಿ? ಒಂದ್ಸಲ ಜೋರಾಗಿ ಕೂಗ್ಬೇಕು ಅಂತ ಮದುವೆಯಾದಾಗಿಂದ ಇದೆ. ಊರೋರೆಲ್ಲ ಕರೀತಾರೆ, ತರಕಾರಿ ಗಾಡಿಯೋನು ಕರೀತಾನೆ. ನಾನೊಬ್ಳೇ ಕರಿಯಂಗಿಲ್ಲ. ಒಂದೇ ಮನೇಲಿದ್ದು."

"ಹಂಗಾದ್ರೆ ಈಗ್ಲೇ ಕೂಗು."

"ಆಂ?"

"ಕೂಗೇ. ಮುಂದೆ ಕೂತಿದ್ದೀನಲ್ಲ. ಎಷ್ಟು ಜೋರಾಗಿ ಬೇಕೋ ಕೂಗು. ಬೇಕಾದ್ರೆ ಮುಂದೊಂದು 'ಲೇ' ಸೇರಿಸ್ಕೋ. ಆ ಕೂಸಿನ ಮೇಲೆ ಯಾಕೆ ಹಾಕ್ತೀಯಾ? ಅದರಮ್ಮ ಅದಕ್ಕೊಂದು ಹೆಸರಿಟ್ಕೊಂಡು ಅಳ್ತಾ ಕೂತಿದ್ದಾಳೆ."

ಸೊಸೆ ಬಾಯಿ ತೆರೆದಳು. ನಾನು ಕಾದೆ.  ತುಟಿ ಅಲ್ಲಾಡಿತು. ಕಿವಿ ಕೆಂಪಾಯಿತು. ಹೂಂ ಹೂಂ ಅಂತ ಪೂಜೆಯ ರಾಗ ಬಂತೇ ಹೊರತು ಹೆಸರು ಬರಲಿಲ್ಲ.

"ಇಷ್ಟಕ್ಕಾ ಊರೆಲ್ಲ ಒಂದು ಮಾಡಿದ್ದು?" ಅಂದೆ.

"ಬರ್ತಾ ಇಲ್ಲ ಅತ್ತೆ" ಅಂದಳು. ಅವಳಿಗೇ ಆಶ್ಚರ್ಯವಾಗಿತ್ತು. ಆಮೇಲೆ ಇಬ್ಬರಿಗೂ ನಗು ಬಂತು. ನಕ್ಕ ರಭಸಕ್ಕೆ ನನ್ನ ಬಾಯಿಂದ ಎಲೆಅಡಿಕೆ ರಸ ಚಂದ್ರಿಕೆ ಮೇಲೆ ಬಿತ್ತು. ಅದಕ್ಕೆ ಅವಳು ಬಯ್ದಳು, ಹೆಸರಿಲ್ಲದೆ.

"ಸಾಲ ಅಂತ ಇಟ್ಕೋ" ಅಂದೆ. "ಒಂದ್ಸಲ ಕೂಗೋ ಹಕ್ಕು ನಿಂದು. ಬಾಯಿಗೆ ಯಾವಾಗ ಬರ್ತದೋ ಆವಾಗ ಕೂಗು. ನಾನು ಒಂದು ಮಾತೂ ಅನ್ನಲ್ಲ."

ಅವಳು ಹುಳ ಆರಿಸುತ್ತಾ ಹೋದಳು. ಪಕ್ಕದಲ್ಲಿ ಅವಳ ಫೋನ್ ಬಿದ್ದಿತ್ತು. ಅವತ್ತು ಬೆಳಿಗ್ಗೆ ಅವಳು ಹುಡುಗರ ಹೆಸರು ಕಳಿಸಿರಲಿಲ್ಲ ಅಂತ ನನಗೆ ಗೊತ್ತಾದದ್ದು ಅಳಿಯಂದಿರ ಫೋನ್ ಬಂದಾಗ.

"ಅಕ್ಕ, ಏನ್ ಮಾಡ್ತಿದ್ದೀರಾ? ಆಟ ಶುರುವಾಯ್ತದೆ, ನಿಮ್ಮ ಮೂರು ಹುಡುಗ್ರ ಹೆಸರು ಹೇಳಿ!"

"ಹುಳ ಹಣ್ಣಾಗಿವೆ ಕಣಪ್ಪ. ಕೈ ಬಿಡುವಿಲ್ಲ."

"ಎ, ಬಾಯಿ ಬಿಡುವಿಲ್ವಾ? ಒಂದು ಗೋಲಿನ ಮಾತು ಅಕ್ಕ!"

"ಇಲ್ಲಪ್ಪ" ಅಂದಳು, ಇಟ್ಟುಬಿಟ್ಟಳು.

ಆಮೇಲೆ ಫೋನನ್ನು ಚಂದ್ರಿಕೆಗೆ ಒರಗಿಸಿ ಪಂದ್ಯ ಹಚ್ಚಿದಳು. ಆ ಹರಿಯಾಣದ ಹುಡುಗನಿಗೆ ಅವತ್ತೇ ದೇವರು ಮೈಮೇಲೆ ಬರಬೇಕಾ? ಕಾರ್ನರ್ ಸಿಕ್ಕಾಗಲೆಲ್ಲ ಹೊಡೆದ. ಚೆಂಡು ಹಲಗೆಗೆ ಬಡಿದ ಸದ್ದು ಕೇಳಿದಾಗಲೆಲ್ಲ ಸೊಸೆ ಹಲ್ಲು ಕಚ್ಚಿ ಒಂದು ಹುಳವನ್ನು ಸ್ವಲ್ಪ ಗಟ್ಟಿಯಾಗಿ ಹಿಡಿಯುತ್ತಿದ್ದಳು. "ಲೋ ಮುಂಡೇದೇ, ಸಾಕು ಬಿಡೋ" ಅಂದಳು ಕೊನೆಗೆ. ಅವನು ಬಿಡಲಿಲ್ಲ. ಅಷ್ಟು ಗೋಲೂ ಲೆಕ್ಕಕ್ಕೆ ಬಾರದೆ ನೀರಲ್ಲಿ ಹೋಮವಾಯಿತು.

ಬಾಣಂತಿ ಗೆದ್ದಳು. ಗ್ರೂಪಿನಲ್ಲಿ ಬರೀ ಅಳೋ ಮುಖಗಳನ್ನು ಕಳಿಸಿದ್ದಳು. ಖುಷಿಗೂ ಅಳೋ ಮುಖವೇ ಅಂತೆ ಈಗಿನವರಿಗೆ. ಅಳಿಯಂದಿರಿಗೆ ಮಾತ್ರ ಅನುಮಾನ ಹೋಗಲಿಲ್ಲ. "ಅತ್ತೆಮ್ಮ, ಅಕ್ಕನಿಗೆ ನೀವೇನೋ ಮಾಡಿದ್ದೀರಾ" ಅನ್ನುತ್ತಲೇ ಇದ್ದರು. ನಾನು ಏನೂ ಮಾಡಿಲ್ಲ ಅಂದೆ.

ಆಮೇಲಿನ ದಿನಗಳಲ್ಲಿ ಸೊಸೆ ಒಬ್ಬಳೇ ಇದ್ದಾಗ ಅಭ್ಯಾಸ ಮಾಡುತ್ತಿದ್ದಳು. ಹಿಪ್ಪುನೇರಳೆ ತೋಟದೊಳಗಿಂದ ನನ್ನ ಹೆಸರಿನ ಮೊದಲಕ್ಷರ ಕೇಳಿಸೋದು, ಉಳಿದದ್ದು ಕೆಮ್ಮಾಗೋದು. ನಾನು ಕೇಳಿಸಿಕೊಳ್ಳದ ಹಾಗೆ ಇರುತ್ತಿದ್ದೆ.

ನಾಮಕರಣ ಚಿಕ್ಕಬಳ್ಳಾಪುರದಲ್ಲಿ, ಬೀಗರ ಮನೆಯಲ್ಲಿ. ತೊಟ್ಟಿಲ ಸುತ್ತ ಹೆಂಗಸರು ತುಂಬಿದ್ದರು. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಉಸುರಿದಳು. ನನಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿ ಅಂದೆ. ಬಾಣಂತಿಯೇ ನನ್ನ ಹತ್ತಿರ ಬಂದು ಬಿಡಿಸಿ ಬಿಡಿಸಿ ಹೇಳಿದಳು.

"ಇದೇನಮ್ಮ, ಔಷಧಿ ಅಂಗಡೀಲಿ ಕೊಡೋ ಮಾತ್ರೆ ಹೆಸರಿದ್ದಂಗಿದೆ?"

"ಅಜ್ಜಿ!" ಅಂದಳು, ನಗುತ್ತಲೇ. ನನ್ನ ಬಾಯಲ್ಲಿ ಅದು ತಿರುಗೋದಿಲ್ಲ. ಅರ್ಧ ಹೇಳಿ ಬಿಟ್ಟೆ. ಮಗು ಆ ಅರ್ಧಕ್ಕೂ ತಿರುಗಿ ನೋಡಿತು.

ಊಟಕ್ಕೆ ಎಲೆ ಹಾಕಿದ್ದರು. ನಾನು ತೊಟ್ಟಿಲ ಹತ್ತಿರ ಬೀಗಿತ್ತಿ ಜೊತೆ ಮಾತಿಗೆ ಕೂತುಬಿಟ್ಟಿದ್ದೆ. ಪಂಕ್ತಿ ಕಡೆಯಿಂದ ಸೊಸೆ "ಅತ್ತೆ, ಬನ್ನಿ" ಅಂತ ಕರೆದದ್ದು ಕೇಳಿಸಿತ್ತು. ಬರ್ತೀನಿ ಅಂದೆ, ಏಳಲಿಲ್ಲ. ಮತ್ತೆ ಕರೆದಳು. ಏಳಲಿಲ್ಲ.

ಆಗ ಬಂತು.

ಮೊದಲು 'ಲೇ' ಬಂತು. ಅದರ ಹಿಂದೆ ನನ್ನ ಹೆಸರು, ಮೊದಲಕ್ಷರದಿಂದ ಕೊನೆಯವರೆಗೆ, ಕೆಮ್ಮಿಲ್ಲದೆ, ಪಂಕ್ತಿಯ ಈ ತುದಿಯಿಂದ ಆ ತುದಿಗೆ ಕೇಳೋ ಹಾಗೆ. "...ಒಬ್ಬಟ್ಟು ಆರೋಗ್ತಾ ಇದೆ, ಎಷ್ಟು ಸಲ ಕರೀಬೇಕೇ ನಿನ್ನ!"

ಬಡಿಸೋನು ತುಪ್ಪದ ಮಿಳ್ಳೆ ಹಿಡಿದುಕೊಂಡು ಹಾಗೇ ನಿಂತ. ನನ್ನ ಮಗ, ಅಂದರೆ ಅವಳ ಗಂಡ, ನೀರು ಕುಡಿಯುತ್ತಿದ್ದವನು ಮೂಗಿನಿಂದ ಬಿಟ್ಟ. ಬೀಗರ ಕಡೆಯ ಒಬ್ಬಾಕೆ ತೊಟ್ಟಿಲ ಕಡೆ ನೋಡಿ, "ಓ, ಮಗೂಗೆ ಮನೇಲಿ ಕರೆಯೋ ಹೆಸರು ಇದಾ? ಇಷ್ಟು ಎಳೇ ಮಗೂಗೆ ಒಬ್ಬಟ್ಟಾ?" ಅಂದಳು. ಸೊಸೆ ಒಬ್ಬಟ್ಟಿನ ತಟ್ಟೆ ಹಿಡಿದು ಪಂಕ್ತಿಯ ಮಧ್ಯೆ ನಿಂತಿದ್ದಳು, ಮುಖ ಮದುವಣಗಿತ್ತಿ ಮುಖದ ಹಾಗೆ ಹೊಳೆಯುತ್ತಿತ್ತು. ಎಲ್ಲರೂ ನನ್ನನ್ನೇ ನೋಡಿದರು.

"ಬಂದೆ ತಡಿಯೇ, ಕಿವಿ ಕೇಳಿಸ್ತದೆ ನಂಗೆ" ಅಂದೆ. ಮಂಡಿ ಹಿಡಿದುಕೊಂಡು ಎದ್ದು ಹೋಗಿ ಅವಳು ತೋರಿಸಿದ ಎಲೆಯ ಮುಂದೆ ಕೂತೆ. ಅವಳು ಒಬ್ಬಟ್ಟು ಹಾಕಿದಳು. ಬಿಸಿ ಇತ್ತು.